ಮೊಬೈಲ್ ಫೋನು ಮತ್ತು ಮೂರನೆಯ ವ್ಯಕ್ತಿ



ಕೆಲವು ತಿಂಗಳ ಹಿಂದೆ ನಾನು ತುಮಕೂರಿನಿಂದ ಅರಸೀಕೆರೆಗೆ ಬಸ್ಸಿನಲ್ಲಿ ಹೋಗುತ್ತಿದ್ದೆ. ಗುಬ್ಬಿಯಲ್ಲಿ ಒಬ್ಬ ಹುಡುಗ ಹತ್ತಿದ. ಬೆನ್ನಿಗೆ ಕಾಲೇಜಿನ ಚೀಲ, ಕಿವಿಗೆ ಮೊಬೈಲು. ಹತ್ತುವಾಗಲೇ ನಡೆಯುತ್ತಿದ್ದ ಅವನ ಮಾತು ತಿಪಟೂರಿನಲ್ಲಿ ಇಳಿಯುವವರೆಗೂ ನಿಲ್ಲಲಿಲ್ಲ. ತಾನು ಎರಡು ವಿಷಯಗಳಲ್ಲಿ ನಪಾಸಾಗಿರುವುದು, ಅದನ್ನು ಮನೆಯಲ್ಲಿ ಇನ್ನೂ ತಿಳಿಸದಿರುವುದು, ಮರುಪರೀಕ್ಷೆಯ ಶುಲ್ಕಕ್ಕಾಗಿ ಸ್ನೇಹಿತನಲ್ಲಿ ಸಾಲ ಕೇಳುತ್ತಿರುವುದು, ಅಪ್ಪನಿಗೆ ಗೊತ್ತಾದರೆ ಏನಾಗುವುದೋ ಎಂಬ ಭಯ, ಇವೆಲ್ಲವನ್ನೂ ಬಸ್ಸಿನಲ್ಲಿದ್ದ ನಾವು ಮೂವತ್ತು ನಲವತ್ತು ಜನ ಕೇಳಿದೆವು. ಹಣ ಕಳುಹಿಸಲು ಅನುಕೂಲವಾಗಲೆಂದು ತನ್ನ ಫೋನ್ ನಂಬರನ್ನು ಎರಡು ಸಲ ಬಿಡಿಬಿಡಿಯಾಗಿ ಹೇಳಿದ. ಅದನ್ನೂ ಕೇಳಿದೆವು. ಅವನು ಇಳಿದುಹೋದ ಮೇಲೆ ನನ್ನ ಪಕ್ಕದಲ್ಲಿ ಕುಳಿತಿದ್ದ ವಯಸ್ಸಾದ ತಾಯಿಯೊಬ್ಬರು, "ಪಾಪ, ಅಪ್ಪನಿಗೆ ಹೇಳೋಕೆ ಹೆದರೋ ಹುಡುಗ ನಮಗೆಲ್ಲ ಯಾಕಪ್ಪ ಹೇಳ್ದ?" ಎಂದರು.

ಆಕೆ ಅವನನ್ನು ಹಳಿಯಲಿಲ್ಲ. ಆಕೆಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ. ಆ ಪ್ರಶ್ನೆ ನನ್ನ ಮನಸ್ಸಿನಲ್ಲಿ ಉಳಿಯಿತು. ಈ ದಿನ ನಿಮ್ಮೊಡನೆ ನಾನು ಮಾತನಾಡಬೇಕೆಂದಿರುವುದು ಅದನ್ನೇ ಕುರಿತು. ಫೋನಿನಲ್ಲಿ ನಡೆಯುವುದು ಇಬ್ಬರ ನಡುವಿನ ಮಾತು ಎಂದು ನಾವು ತಿಳಿದಿದ್ದೇವೆ. ಆದರೆ ಮೊಬೈಲ್ ಫೋನು ಬಂದ ಮೇಲೆ ಆ ಮಾತಿಗೆ ಮೂರನೆಯ ವ್ಯಕ್ತಿಯೊಬ್ಬರು ಸೇರಿಕೊಂಡಿದ್ದಾರೆ. ಅವರು ಬಸ್ಸಿನಲ್ಲಿ ನಮ್ಮ ಪಕ್ಕದ ಆಸನದಲ್ಲಿರುತ್ತಾರೆ, ಆಸ್ಪತ್ರೆಯಲ್ಲಿ ಪಕ್ಕದ ಹಾಸಿಗೆಯಲ್ಲಿರುತ್ತಾರೆ, ಊಟದ ಮನೆಯಲ್ಲಿ ಎದುರಿಗೆ ಕುಳಿತಿರುತ್ತಾರೆ. ಆ ಮಾತಿನಲ್ಲಿ ಸೇರುತ್ತೇವೆಂದು ಅವರು ಒಪ್ಪಿಕೊಂಡಿಲ್ಲ, ಎದ್ದುಹೋಗುವ ಅವಕಾಶವೂ ಅನೇಕ ವೇಳೆ ಅವರಿಗಿಲ್ಲ. ಮೊಬೈಲ್ ಬಳಕೆಯ ಸೌಜನ್ಯ ಎಂದರೆ ಈ ಮೂರನೆಯವರನ್ನು ನೆನಪಿನಲ್ಲಿಟ್ಟುಕೊಳ್ಳುವುದು. ಉಳಿದ ನಿಯಮಗಳೆಲ್ಲ ಇದರಿಂದಲೇ ಹುಟ್ಟುತ್ತವೆ.

ಮಾತಿಗೊಂದು ಬಾಗಿಲಿತ್ತು

ನಿಮ್ಮ ತಂದೆತಾಯಿಯರು ವಿದ್ಯಾರ್ಥಿಗಳಾಗಿದ್ದ ಕಾಲವನ್ನು ಸ್ವಲ್ಪ ನೆನಪಿಸಿಕೊಳ್ಳೋಣ. ಆಗ ಪರ ಊರಿಗೆ ಮಾತನಾಡಬೇಕಾದರೆ ಹಳದಿ ಫಲಕದ ಎಸ್.ಟಿ.ಡಿ. ಬೂತಿಗೆ ಹೋಗಬೇಕಾಗಿತ್ತು. ಒಬ್ಬರು ನಿಲ್ಲುವಷ್ಟು ಜಾಗ, ಗಾಜಿನ ಬಾಗಿಲು, ಎದುರಿಗೆ ಕೆಂಪು ಅಂಕಿಗಳಲ್ಲಿ ಓಡುವ ಮೀಟರು. ಒಳಗೆ ಹೋದವರು ಮೊದಲು ಬಾಗಿಲು ಹಾಕಿಕೊಳ್ಳುತ್ತಿದ್ದರು. ಹೊರಗೆ ಸರದಿಯಲ್ಲಿ ನಿಂತವರಿಗೆ ಅವರ ಮುಖ ಕಾಣುತ್ತಿತ್ತು, ಮಾತು ಅಷ್ಟಾಗಿ ಕೇಳಿಸುತ್ತಿರಲಿಲ್ಲ. ಹಣದ ಮೀಟರು ಕಣ್ಣೆದುರಿಗೇ ಇದ್ದುದರಿಂದ ಮಾತು ಉದ್ದವಾಗುತ್ತಲೂ ಇರಲಿಲ್ಲ. ಅಂದರೆ ಮಾತಿಗೆ ಒಂದು ಬಾಗಿಲೂ ಇತ್ತು, ಒಂದು ಮಿತಿಯೂ ಇತ್ತು. ಆ ಕಾಲದ ಜನ ನಮಗಿಂತ ಹೆಚ್ಚು ಸೌಜನ್ಯವಂತರಾಗಿದ್ದರು ಎಂದು ನಾನು ಹೇಳುತ್ತಿಲ್ಲ. ಬಾಗಿಲನ್ನೂ ಮಿತಿಯನ್ನೂ ಆ ಬೂತೇ ಅವರಿಗೆ ಒದಗಿಸುತ್ತಿತ್ತು, ಅಷ್ಟೆ.

ಮೊಬೈಲ್ ಫೋನಿಗೆ ಹುಟ್ಟಿನಿಂದಲೇ ಬಾಗಿಲಿಲ್ಲ. 1973ರ ಏಪ್ರಿಲ್ 3ರಂದು ಮೋಟೊರೋಲಾ ಕಂಪನಿಯ ಎಂಜಿನಿಯರ್ ಮಾರ್ಟಿನ್ ಕೂಪರ್ ಅವರು ಕೈಯಲ್ಲಿ ಹಿಡಿಯಬಹುದಾದ ಸೆಲ್ಯುಲರ್ ಫೋನಿನಿಂದ ಮೊದಲ ಕರೆ ಮಾಡಿದರು. ಆ ಉಪಕರಣ ಒಂದು ಕಿಲೋಗ್ರಾಮಿಗೂ ಹೆಚ್ಚು ತೂಗುತ್ತಿತ್ತು. ಅವರು ಕರೆದದ್ದು ತಮ್ಮ ಪ್ರತಿಸ್ಪರ್ಧಿ ಸಂಸ್ಥೆಯಾದ ಬೆಲ್ ಪ್ರಯೋಗಾಲಯದ ಜೋಯೆಲ್ ಎಂಗೆಲ್ ಅವರನ್ನು. ಕರೆ ಮಾಡಿದ ಸ್ಥಳ ನ್ಯೂಯಾರ್ಕ್ ನಗರದ ಬೀದಿ. ಸುತ್ತ ಜನ ಓಡಾಡುತ್ತಿದ್ದರು. ಮೊಬೈಲಿನ ಮೊದಲ ಮಾತೇ ದಾರಿಹೋಕರ ನಡುವೆ ನಡೆಯಿತು ಎಂಬುದನ್ನು ಗಮನಿಸಿ.

ನಮ್ಮ ದೇಶಕ್ಕೆ ಈ ಸೌಲಭ್ಯ ಬಂದದ್ದು 1995ರಲ್ಲಿ. ಆ ವರ್ಷದ ಜುಲೈ 31ರಂದು ಪಶ್ಚಿಮ ಬಂಗಾಳದ ಮುಖ್ಯಮಂತ್ರಿಗಳಾಗಿದ್ದ ಜ್ಯೋತಿ ಬಸು ಅವರು ಕಲ್ಕತ್ತೆಯಿಂದ ದೆಹಲಿಯಲ್ಲಿದ್ದ ಕೇಂದ್ರ ಸಂಪರ್ಕ ಸಚಿವ ಸುಖ್ ರಾಮ್ ಅವರಿಗೆ ಮೊಬೈಲ್ ಕರೆ ಮಾಡಿದರು. ಆರಂಭದಲ್ಲಿ ಕರೆ ಮಾಡಿದವರಷ್ಟೇ ಅಲ್ಲ, ಕರೆ ಸ್ವೀಕರಿಸಿದವರೂ ಹಣ ತೆರಬೇಕಾಗಿತ್ತು. 2003ರಲ್ಲಿ ಒಳಬರುವ ಕರೆಗಳು ಉಚಿತವಾದವು. ಆಮೇಲೆ ಹೊರಹೋಗುವ ಕರೆಗಳ ದರವೂ ಇಳಿಯುತ್ತಾ ಬಂತು. ಬಾಗಿಲು ಮೊದಲೇ ಇರಲಿಲ್ಲ, ಈಗ ಮೀಟರೂ ಹೋಯಿತು. ಹಿಂದೆ ಬೂತು ಮಾಡುತ್ತಿದ್ದ ಎರಡು ಕೆಲಸಗಳನ್ನು ಈಗ ನಾವೇ ಮಾಡಬೇಕಾಗಿದೆ.

ಅರ್ಧ ಮಾತಿನ ಕಿರಿಕಿರಿ

ಇಲ್ಲಿ ನೀವೊಂದು ಪ್ರಶ್ನೆ ಕೇಳಬಹುದು. ಬಸ್ಸಿನಲ್ಲಿ ಇಬ್ಬರು ಪಕ್ಕದಲ್ಲಿ ಕುಳಿತು ಮಾತನಾಡಿದರೆ ನಮಗೆ ಅಷ್ಟೇನೂ ತೊಂದರೆ ಎನಿಸುವುದಿಲ್ಲ. ಒಬ್ಬರೇ ಫೋನಿನಲ್ಲಿ ಮಾತನಾಡಿದರೆ ಮಾತ್ರ ಕಿರಿಕಿರಿಯಾಗುತ್ತದೆ. ಏಕೆ?

ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಲಾರೆನ್ ಎಂಬರ್ಸನ್ ಮತ್ತು ಅವರ ಸಂಗಡಿಗರು ಇದನ್ನೇ ಪರೀಕ್ಷಿಸಿ 2010ರಲ್ಲಿ ಫಲಿತಾಂಶ ಪ್ರಕಟಿಸಿದರು. ಪ್ರಯೋಗದಲ್ಲಿ ಭಾಗವಹಿಸಿದವರು ಕಂಪ್ಯೂಟರ್ ಪರದೆಯ ಮೇಲೆ ಚಲಿಸುವ ಚುಕ್ಕೆಯೊಂದನ್ನು ಹಿಂಬಾಲಿಸುವಂಥ, ಗಮನವನ್ನು ಬೇಡುವ ಕೆಲಸಗಳನ್ನು ಮಾಡಬೇಕಾಗಿತ್ತು. ಅದೇ ವೇಳೆ ಅವರಿಗೆ ಕೆಲವು ಸಲ ಇಬ್ಬರ ಪೂರ್ತಿ ಸಂಭಾಷಣೆಯನ್ನು ಕೇಳಿಸಲಾಯಿತು, ಕೆಲವು ಸಲ ಒಬ್ಬರೇ ಹೇಳುವ ಪೂರ್ತಿ ಕಥನವನ್ನು, ಇನ್ನು ಕೆಲವು ಸಲ ಫೋನ್ ಸಂಭಾಷಣೆಯ ಒಂದು ಬದಿಯನ್ನು ಮಾತ್ರ. ಒಂದು ಬದಿಯ ಮಾತನ್ನಷ್ಟೇ ಕೇಳಿದಾಗ ಅವರು ಹೆಚ್ಚು ತಪ್ಪಿದರು. ಆ ಅರ್ಧ ಮಾತನ್ನು ಪದಗಳು ಅರ್ಥವಾಗದಂತೆ ಮಸುಕುಗೊಳಿಸಿ ಕೇಳಿಸಿದಾಗ ಈ ತೊಂದರೆ ಕಾಣಲಿಲ್ಲ.

ಇದರ ಅರ್ಥ ಸರಳವಾದದ್ದು. ನಮ್ಮ ಮಿದುಳು ಕೇಳಿದ ಮಾತಿನ ಮುಂದಿನ ಮಾತನ್ನು ಊಹಿಸುತ್ತಲೇ ಇರುತ್ತದೆ. "ಹೌದಾ? ಯಾವಾಗ? ಅಯ್ಯೋ, ಆಮೇಲೆ?" ಎಂಬಷ್ಟೇ ಕಿವಿಗೆ ಬಿದ್ದರೆ ಉಳಿದರ್ಧವನ್ನು ತುಂಬಲು ಅದು ಹೆಣಗುತ್ತದೆ. ಪಕ್ಕದಲ್ಲಿರುವವರು ಬೇಡವೆಂದರೂ ಕೇಳಿಸಿಕೊಳ್ಳದೆ ಇರಲಾರರು. ಆದ್ದರಿಂದ "ನನ್ನ ಮಾತನ್ನು ನೀವು ಯಾಕೆ ಕೇಳಿಸಿಕೊಳ್ಳುತ್ತೀರಿ?" ಎಂದು ಜಗಳಕ್ಕೆ ಹೋಗುವುದು ನ್ಯಾಯವಲ್ಲ. ನಾಳಿನ ಪರೀಕ್ಷೆಗೆ ರೈಲಿನಲ್ಲಿ ಪುಸ್ತಕ ಹಿಡಿದು ಕುಳಿತ ಹುಡುಗಿಯ ಗಮನವನ್ನು ನಮ್ಮ ಅರ್ಧ ಮಾತು ಅವಳಿಗೆ ತಿಳಿಯದಂತೆ ಕಿತ್ತುಕೊಳ್ಳುತ್ತಿರುತ್ತದೆ.

ಇನ್ನೊಂದು ಸಂಗತಿ. ಫೋನಿನಲ್ಲಿ ನಾವು ಧ್ವನಿ ಏರಿಸುವುದೇಕೆ? ಸುತ್ತ ಸದ್ದು ಹೆಚ್ಚಿದಂತೆ ಮನುಷ್ಯ ತನಗರಿವಿಲ್ಲದೆಯೇ ಧ್ವನಿ ಏರಿಸುತ್ತಾನೆ ಎಂಬುದನ್ನು ಎಟಿಯೆನ್ ಲೊಂಬಾರ್ ಎಂಬ ಫ್ರೆಂಚ್ ವೈದ್ಯರು 1911ರಲ್ಲೇ ವಿವರಿಸಿದರು. ಅವರ ಹೆಸರಿನಿಂದಲೇ ಈ ಗುಣವನ್ನು ಕರೆಯುತ್ತಾರೆ. ಬಸ್ಸಿನ ಎಂಜಿನ್ ಸದ್ದಿನಲ್ಲಿ ನಮ್ಮ ಧ್ವನಿ ನಮಗೇ ಸರಿಯಾಗಿ ಕೇಳಿಸದು, ಹಾಗಾಗಿ ಕೂಗುತ್ತೇವೆ. ಆದರೆ ಮೊಬೈಲಿನ ಧ್ವನಿಗ್ರಾಹಕ ನಮ್ಮ ಬಾಯಿಯ ಹತ್ತಿರವೇ ಇರುತ್ತದೆ. ನಾವು ಮೆಲ್ಲಗೆ ಮಾತನಾಡಿದರೂ ಆ ತುದಿಯವರಿಗೆ ಸಾಮಾನ್ಯವಾಗಿ ಕೇಳಿಸುತ್ತದೆ. ಸಂದೇಹವಿದ್ದರೆ ಸ್ನೇಹಿತರೊಬ್ಬರಿಗೆ ಕರೆ ಮಾಡಿ, ಧ್ವನಿಯನ್ನು ಹಂತಹಂತವಾಗಿ ತಗ್ಗಿಸುತ್ತಾ ಎಲ್ಲಿಯವರೆಗೆ ಕೇಳಿಸುತ್ತದೆಂದು ವಿಚಾರಿಸಿ ನೋಡಿ. ನೀವೇ ಆಶ್ಚರ್ಯಪಡುತ್ತೀರಿ.

ಬಸ್ಸು, ರೈಲು, ಸಭಾಂಗಣ

ಮಾತು ಒಂದು ಕಡೆಯಾದರೆ, ಹಾಡು ಮತ್ತು ವಿಡಿಯೋಗಳ ಸದ್ದು ಇನ್ನೊಂದು ಕಡೆ. ಇದು ಎಷ್ಟು ದೊಡ್ಡ ಸಮಸ್ಯೆಯಾಯಿತೆಂದರೆ, ನಮ್ಮ ರಾಜ್ಯದಲ್ಲಿ ವಿಷಯ ಹೈಕೋರ್ಟಿನವರೆಗೂ ಹೋಯಿತು. 2021ರ ನವೆಂಬರ್‌ನಲ್ಲಿ ಕರ್ನಾಟಕ ರಾಜ್ಯ ರಸ್ತೆ ಸಾರಿಗೆ ಸಂಸ್ಥೆಯು ಬಸ್ಸುಗಳಲ್ಲಿ ಮೊಬೈಲಿನ ಲೌಡ್ ಸ್ಪೀಕರ್ ಹಾಕಿ ಹಾಡು, ವಿಡಿಯೋಗಳನ್ನು ಜೋರಾಗಿ ಕೇಳುವುದನ್ನು ನಿಷೇಧಿಸಿ ಸುತ್ತೋಲೆ ಹೊರಡಿಸಿತು. ಅದರ ಪ್ರಕಾರ ಕಂಡಕ್ಟರ್ ಅಥವಾ ಡ್ರೈವರ್ ಮೊದಲು ವಿನಂತಿಸಬೇಕು. ಕೇಳದಿದ್ದರೆ ಆ ಪ್ರಯಾಣಿಕರನ್ನು ಬಸ್ಸಿನಿಂದ ಇಳಿಸಬಹುದು, ಟಿಕೆಟ್ಟಿನ ಹಣವನ್ನೂ ಹಿಂದಿರುಗಿಸಬೇಕಾಗಿಲ್ಲ.

ಇಂಥ ಆದೇಶ ಬೇಕಾದದ್ದೇ. ಆದರೂ ಯೋಚಿಸಿ ನೋಡಿ. ಒಂದು ಇಯರ್‌ಫೋನಿನಿಂದ ಮುಗಿಯುವ ಕೆಲಸಕ್ಕೆ ನ್ಯಾಯಾಲಯದವರೆಗೆ ಹೋಗಬೇಕಾಯಿತಲ್ಲವೇ? ರಾತ್ರಿ ಬಸ್ಸಿನಲ್ಲಿ ಜ್ವರದ ಮಗುವನ್ನು ಮಲಗಿಸುತ್ತಿರುವ ತಾಯಿ ಇರುತ್ತಾಳೆ, ಬೆಳಿಗ್ಗೆ ಸಂದರ್ಶನಕ್ಕೆ ಹೋಗಬೇಕಾದ ನಿರುದ್ಯೋಗಿ ಇರುತ್ತಾನೆ, ಸಾವಿನ ಸುದ್ದಿ ಕೇಳಿ ಊರಿಗೆ ಹೊರಟವರು ಇರುತ್ತಾರೆ. ಅವರು ಯಾರೆಂದು ನಮಗೆ ಗೊತ್ತಾಗುವುದಿಲ್ಲ. ಗೊತ್ತಾಗುವುದಿಲ್ಲವಾದ್ದರಿಂದಲೇ ಎಲ್ಲರ ವಿಷಯದಲ್ಲೂ ಎಚ್ಚರ ಬೇಕು. ಜಪಾನಿನ ರೈಲುಗಳಲ್ಲಿ ಫೋನನ್ನು ಸದ್ದಿಲ್ಲದ ಸ್ಥಿತಿಯಲ್ಲಿಡಿ, ಕರೆಗಳಲ್ಲಿ ಮಾತನಾಡಬೇಡಿ ಎಂದು ಪ್ರಯಾಣಿಕರನ್ನು ಕೋರುತ್ತಾರೆ. ಫೋನಿನ ಆ ಸದ್ದಿಲ್ಲದ ಸ್ಥಿತಿಗೆ ಅಲ್ಲಿನ ಜನ ಇಟ್ಟಿರುವ ಹೆಸರೇ 'ಮ್ಯಾನರ್ ಮೋಡ್', ಅಂದರೆ ಸೌಜನ್ಯದ ಸ್ಥಿತಿ.

ಸಭೆ, ನಾಟಕ, ಸಂಗೀತ ಕಚೇರಿಗಳಲ್ಲಿ ಫೋನನ್ನು ಆರಿಸಿಡಬೇಕೆಂಬುದು ನಿಮಗೆ ಗೊತ್ತು. ಗೊತ್ತಿದ್ದವರೂ ಎಡವುತ್ತಾರೆ ಎಂಬುದಕ್ಕೆ ಒಂದು ಪ್ರಸಂಗ ಹೇಳುತ್ತೇನೆ. 2012ರ ಜನವರಿ 10ರಂದು ನ್ಯೂಯಾರ್ಕಿನಲ್ಲಿ ಅಲ್ಲಿನ ಪ್ರಸಿದ್ಧ ವಾದ್ಯವೃಂದವು ಮಾಹ್ಲರ್ ಎಂಬ ಸಂಗೀತಕಾರನ ಒಂಬತ್ತನೆಯ ಸಿಂಫನಿಯನ್ನು ನುಡಿಸುತ್ತಿತ್ತು. ಕೃತಿ ಮುಗಿಯುವ ಹಂತಕ್ಕೆ ಬಂದು, ವಾದ್ಯಗಳು ಉಸಿರಿನಷ್ಟು ಮೆಲ್ಲಗೆ ನುಡಿಯುವ ಹೊತ್ತಿಗೆ ಮುಂದಿನ ಸಾಲಿನಲ್ಲಿ ಮೊಬೈಲು ಹೊಡೆದುಕೊಳ್ಳತೊಡಗಿತು. ಅದು ನಿಲ್ಲಲೇ ಇಲ್ಲ. ನಿರ್ದೇಶಕ ಅಲನ್ ಗಿಲ್ಬರ್ಟ್ ಇಡೀ ವಾದ್ಯವೃಂದವನ್ನು ನಿಲ್ಲಿಸಿ, ಸದ್ದು ಅಡಗುವವರೆಗೆ ಕಾದು, ಮತ್ತೆ ಮುಂದುವರಿಸಬೇಕಾಯಿತು. ಆ ಫೋನಿನ ಒಡೆಯ ಉಡಾಫೆಯ ಮನುಷ್ಯನೇನಲ್ಲ. ಫೋನು ಹೊಸದು. ಅದನ್ನು ಸೈಲೆಂಟಿನಲ್ಲಿ ಇಟ್ಟೇ ಒಳಗೆ ಬಂದಿದ್ದರು. ಹೊಡೆದುಕೊಂಡದ್ದು ಕರೆಯಲ್ಲ, ಅಲಾರಂ. ಫೋನು ಸೈಲೆಂಟಿನಲ್ಲಿದ್ದರೂ ಅಲಾರಂ ಹೊಡೆಯುತ್ತದೆಂಬುದು ಅವರಿಗೆ ತಿಳಿದಿರಲಿಲ್ಲ. ತನ್ನದೇ ಫೋನು ಎಂದು ಗೊತ್ತಾಗಲು ಅವರಿಗೆ ಸ್ವಲ್ಪ ಹೊತ್ತೇ ಹಿಡಿಯಿತು. ಬಳಿಕ ಅವರು ನಿರ್ದೇಶಕರ ಕ್ಷಮೆ ಕೇಳಿದರು, ಅವರೂ ಕ್ಷಮಿಸಿದರು.

ಈ ಪ್ರಸಂಗದಿಂದ ನಾವು ಕಲಿಯಬೇಕಾದದ್ದು ಎರಡು. ಮೊದಲನೆಯದಾಗಿ, ಒಳ್ಳೆಯ ಮನಸ್ಸೊಂದಿದ್ದರೆ ಸಾಲದು, ನಮ್ಮ ಉಪಕರಣ ಹೇಗೆ ಕೆಲಸ ಮಾಡುತ್ತದೆಂದು ತಿಳಿದಿರಬೇಕು. ಎರಡನೆಯದಾಗಿ, ಸಭಾಂಗಣದಲ್ಲಿ ಫೋನನ್ನು ಸೈಲೆಂಟಿನಲ್ಲಿಡುವುದಕ್ಕಿಂತ ಪೂರ್ತಿ ಆರಿಸಿಡುವುದೇ ಕ್ಷೇಮ. ಬೆಂಗಳೂರಿನ ರಂಗಶಂಕರದಲ್ಲಿ ನಾಟಕ ಆರಂಭವಾಗುವ ಮೊದಲು ಇದನ್ನೇ ಕೋರುತ್ತಾರೆ. ಕತ್ತಲೆಯ ರಂಗಮಂದಿರದಲ್ಲಿ ಸದ್ದಿಲ್ಲದೆ ಸಂದೇಶ ನೋಡಿದರೂ ಪರದೆಯ ಬೆಳಕು ಹಿಂದಿನ ಸಾಲಿನವರ ಕಣ್ಣಿಗೆ ಹೊಡೆಯುತ್ತದೆ, ವೇದಿಕೆಯ ಮೇಲಿರುವ ನಟರಿಗೂ ಕಾಣುತ್ತದೆ.

ತರಗತಿ ಮತ್ತು ಗ್ರಂಥಾಲಯಗಳ ವಿಷಯದಲ್ಲಿ ನಾನು ಹೆಚ್ಚು ಹೇಳಬೇಕಾಗಿಲ್ಲ. ಒಂದು ಮಾತು ಮಾತ್ರ. ಕೆಲವು ವೇಳೆ ಫೋನು ತೆರೆದಿಡಲೇಬೇಕಾದ ಕಾರಣವಿರುತ್ತದೆ. ಮನೆಯಲ್ಲಿ ತಾಯಿಗೆ ಶಸ್ತ್ರಚಿಕಿತ್ಸೆಯಾಗಿರಬಹುದು. ಆಗ ತರಗತಿಗೆ ಮುಂಚೆಯೇ ಅಧ್ಯಾಪಕರಿಗೆ ತಿಳಿಸಿ, ಫೋನನ್ನು ಕಂಪನದ ಸ್ಥಿತಿಯಲ್ಲಿಟ್ಟು, ಬಾಗಿಲ ಬಳಿಯ ಜಾಗದಲ್ಲಿ ಕುಳಿತುಕೊಳ್ಳಿ. ಕರೆ ಬಂದರೆ ಸದ್ದಿಲ್ಲದೆ ಹೊರಗೆ ಹೋಗಿ. ಮುಂಚಿತವಾಗಿ ಹೇಳಿದ್ದರೆ ಬೇಡವೆನ್ನುವ ಅಧ್ಯಾಪಕರು ವಿರಳ.

ಎದುರಿಗಿರುವವರು

ಇದುವರೆಗೆ ಅಪರಿಚಿತರ ವಿಷಯವಾಯಿತು. ಇನ್ನು ನಮ್ಮ ಮುಂದೆಯೇ ಕುಳಿತಿರುವ ಪರಿಚಿತರ ವಿಷಯಕ್ಕೆ ಬರೋಣ. ಎದುರಿಗಿರುವವರನ್ನು ಕಡೆಗಣಿಸಿ ಮೊಬೈಲ್ ನೋಡುತ್ತಾ ಕೂರುವುದಕ್ಕೆ 2012ರಲ್ಲಿ ಆಸ್ಟ್ರೇಲಿಯಾದಲ್ಲಿ 'ಫಬ್ಬಿಂಗ್' ಎಂಬ ಹೊಸ ಪದವನ್ನೇ ಕಟ್ಟಿದರು. ಫೋನ್ ಎಂಬುದಕ್ಕೆ ಅವಮಾನಿಸುವುದು ಎಂಬರ್ಥದ ಇಂಗ್ಲಿಷ್ ಪದವನ್ನು ಬೆಸೆದು ಮಾಡಿದ ಪದ ಅದು. ಈ ವಿಷಯದಲ್ಲಿ ನಿಮಗೆ ಬುದ್ಧಿ ಹೇಳುವ ಮೊದಲು ನನ್ನ ತಪ್ಪನ್ನೇ ಹೇಳಿಕೊಳ್ಳುತ್ತೇನೆ.

ನನಗೆ ಹೈಸ್ಕೂಲಿನಲ್ಲಿ ಪಾಠ ಹೇಳಿದ ಮೇಷ್ಟ್ರೊಬ್ಬರು ನಿವೃತ್ತರಾಗಿ ನಮ್ಮೂರಿನ ಹತ್ತಿರದ ಹಳ್ಳಿಯಲ್ಲಿದ್ದರು. ಬಹಳ ವರ್ಷಗಳ ಮೇಲೆ ಅವರನ್ನು ನೋಡಲು ಹೋದೆ. ಕಾಫಿ ತರಿಸಿದರು. ಗೋಡೆಯ ಗೂಡಿನಿಂದ ಹಳೆಯದೊಂದು ತರಗತಿಯ ಫೋಟೋ ತೆಗೆದು ನನ್ನ ಕೈಗಿತ್ತರು. ನಮಗಿಂತ ಮೊದಲಿನ ತಂಡದ್ದು. ಹಿಂದಿನ ಸಾಲಿನ ತುದಿಯಲ್ಲಿ ನಿಂತಿದ್ದ ಒಬ್ಬ ಹುಡುಗನ ಮೇಲೆ ಬೆರಳಿಟ್ಟು, "ಇವನ ಕಥೆ ನಿನಗೆ ಹೇಳಬೇಕು" ಎಂದರು. ಅಷ್ಟರಲ್ಲಿ ನನ್ನ ಮೊಬೈಲು ಹೊಡೆಯಿತು. ನಾನು ಒಂದು ನಿಮಿಷ ಎಂದು ಬೆರಳು ತೋರಿಸಿ ಜಗಲಿಗೆ ಹೋದೆ. ಒಂದು ನಿಮಿಷ ಹದಿನೈದು ನಿಮಿಷವಾಯಿತು. ಯಾವುದೋ ಸಭೆಯ ದಿನಾಂಕ ಬದಲಾಯಿಸುವ ವಿಷಯ. ಸಂಜೆ ಮಾತನಾಡಿದ್ದರೂ ಆಗುತ್ತಿತ್ತು.

ಒಳಗೆ ಬಂದಾಗ ಫೋಟೋ ಗೂಡಿಗೆ ಹಿಂದಿರುಗಿತ್ತು. ಕಾಫಿಯ ಮೇಲೆ ಕೆನೆ ಕಟ್ಟಿತ್ತು. "ಯಾರದೋ ಕಥೆ ಹೇಳುತ್ತಿದ್ದಿರಿ ಸಾರ್" ಎಂದೆ. "ಇರಲಿ ಬಿಡು, ನಿನಗೆ ಕೆಲಸವಿದೆ. ಇನ್ನೊಂದು ಸಲ ಬಂದಾಗ ಹೇಳಿದರಾಯಿತು" ಎಂದು ಬೇರೆ ಮಾತಿಗೆ ತಿರುಗಿದರು. ನಾಲ್ಕು ತಿಂಗಳಿಗೆ ಅವರು ತೀರಿಕೊಂಡರು. ಆ ಫೋಟೋ ಈಗಲೂ ಅವರ ಮಗನ ಹತ್ತಿರವಿದೆ. ಹಿಂದಿನ ಸಾಲಿನ ಆ ಹುಡುಗ ಯಾರೆಂದು ಮನೆಯಲ್ಲಿ ಯಾರಿಗೂ ಗೊತ್ತಿಲ್ಲ.

"ಒಂದು ಗಂಟೆ ಬಿಟ್ಟು ನಾನೇ ಮಾಡುತ್ತೇನೆ" ಎಂದು ಹೇಳಲು ನನಗೆ ಐದು ಸೆಕೆಂಡು ಸಾಕಾಗಿತ್ತು. ಕರೆ ಮಾಡಿದವರೂ ಬೇಸರಪಡುತ್ತಿರಲಿಲ್ಲ. ಆದರೆ ಫೋನು ಹೊಡೆದ ಕೂಡಲೇ ಎತ್ತಬೇಕೆಂಬ ಅಭ್ಯಾಸ ನನ್ನನ್ನು ಜಗಲಿಗೆ ಎಳೆದೊಯ್ಯಿತು. ಅಂದಿನಿಂದ ನಾನೊಂದು ನಿಯಮ ಮಾಡಿಕೊಂಡಿದ್ದೇನೆ. ನಮ್ಮೆದುರಿಗೆ ಇರುವವರು ಮೊದಲು ಬಂದವರು, ಫೋನಿನಲ್ಲಿ ಬರುವವರು ಆಮೇಲೆ ಬಂದವರು. ಸರದಿಯಲ್ಲಿ ಮೊದಲು ಬಂದವರಿಗೆ ಮೊದಲು. ತುರ್ತು ಕರೆಯೆಂದು ತೋರಿದರೆ ಎದುರಿಗಿರುವವರ ಅನುಮತಿ ಕೇಳಿ ತೆಗೆದುಕೊಳ್ಳುತ್ತೇನೆ. "ಕ್ಷಮಿಸಿ, ಇದೊಂದು ನೋಡಲೇಬೇಕು" ಎಂದರೆ ಯಾರೂ ತಪ್ಪು ತಿಳಿಯುವುದಿಲ್ಲ.

ನಿಮ್ಮ ಮನೆಗಳಲ್ಲಿ ಅಜ್ಜ ಅಜ್ಜಿಯರಿದ್ದರೆ ಗಮನಿಸಿ. ಅವರು ಮಾತು ಆರಂಭಿಸಿದಾಗ ನೀವು ಪರದೆ ನೋಡುತ್ತಿದ್ದರೆ ಅವರು ಸಾಮಾನ್ಯವಾಗಿ ಗದರುವುದಿಲ್ಲ. ಸುಮ್ಮನಾಗುತ್ತಾರೆ. ಆ ಸುಮ್ಮನಾಗುವುದು ನಮ್ಮ ಗಮನಕ್ಕೆ ಬರುವುದೂ ಇಲ್ಲ. ಇನ್ನು ಸಾವಿನ ಮನೆಗೆ, ರೋಗಿಯನ್ನು ನೋಡಲು ಆಸ್ಪತ್ರೆಗೆ ಹೋದಾಗ ಫೋನನ್ನು ಜೇಬಿನಿಂದ ಹೊರತೆಗೆಯದಿರುವುದೇ ಲೇಸು.

ಆ ತುದಿಯಲ್ಲಿರುವವರು

ಮೂರನೆಯ ವ್ಯಕ್ತಿ ಇನ್ನೊಂದು ರೀತಿಯಲ್ಲೂ ಬರುತ್ತಾರೆ. ಸ್ನೇಹಿತೆಯೊಬ್ಬಳು ಕರೆ ಮಾಡಿ ತನ್ನ ಮನೆಯ ಕಷ್ಟ ಹೇಳಿಕೊಳ್ಳುತ್ತಿದ್ದಾಳೆ. ನೀವು ಹಾಸ್ಟೆಲಿನ ಕೋಣೆಯಲ್ಲಿ ಸ್ಪೀಕರ್ ಹಾಕಿದ್ದೀರಿ. ನಾಲ್ಕು ಜನ ಕೇಳುತ್ತಿದ್ದಾರೆ. ಅವಳಿಗೆ ಅದು ಗೊತ್ತಿಲ್ಲ. ಬಸ್ಸಿನ ಹುಡುಗ ತನ್ನ ಗುಟ್ಟನ್ನು ತಾನೇ ಬಿಟ್ಟುಕೊಟ್ಟ. ಇಲ್ಲಿ ನೀವು ಅವಳ ಗುಟ್ಟನ್ನು ಬಿಟ್ಟುಕೊಡುತ್ತಿದ್ದೀರಿ. ಸ್ಪೀಕರ್ ಹಾಕುವ ಮೊದಲು "ಇಲ್ಲಿ ಇಂಥವರಿದ್ದಾರೆ, ಸ್ಪೀಕರ್ ಹಾಕಲೇ?" ಎಂದು ಕೇಳುವುದು ಕರ್ತವ್ಯ. ಕರೆಯನ್ನು ಧ್ವನಿಮುದ್ರಿಸುವುದಕ್ಕೂ, ಒಬ್ಬರ ಖಾಸಗಿ ಸಂದೇಶದ ಚಿತ್ರ ತೆಗೆದು ಇನ್ನೊಬ್ಬರಿಗೆ ಕಳುಹಿಸುವುದಕ್ಕೂ ಇದೇ ಮಾತು ಅನ್ವಯಿಸುತ್ತದೆ. ಹಿಂದೆ ಇನ್ನೊಬ್ಬರ ಕಾಗದ ಒಡೆದು ಓದುವುದನ್ನು ಸಣ್ಣತನವೆನ್ನುತ್ತಿದ್ದರು. ಪಕ್ಕದವರ ಪರದೆಗೆ ಇಣುಕುವುದೂ ಅದೇ. ಯಾರಾದರೂ ಒಂದು ಫೋಟೋ ತೋರಿಸಲೆಂದು ಮೊಬೈಲನ್ನು ನಿಮ್ಮ ಕೈಗೆ ಕೊಟ್ಟರೆ ಆ ಒಂದನ್ನೇ ನೋಡಿ ಹಿಂದಿರುಗಿಸಿ. ಬೆರಳು ಮುಂದಿನ ಫೋಟೋಕ್ಕೆ ಜಾರಬಾರದು.

ಕ್ಯಾಮೆರಾದ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ರಸ್ತೆಯಲ್ಲಿ ಅಪಘಾತವಾಗಿ ಒಬ್ಬರು ಬಿದ್ದಿದ್ದರೆ, ಸುತ್ತ ನಿಂತವರಲ್ಲಿ ಕೆಲವರು ವಿಡಿಯೋ ತೆಗೆಯುತ್ತಿರುತ್ತಾರೆ. ಬಿದ್ದವರ ಮನೆಯವರು ಆ ಸುದ್ದಿಯನ್ನು ವಿಡಿಯೋ ನೋಡಿ ತಿಳಿಯಬೇಕೇ? ಅಂಥ ಕಡೆ ನಮ್ಮ ಮೊಬೈಲಿಗಿರುವ ಮೊದಲ ಕೆಲಸ 108ಕ್ಕೆ ಅಥವಾ 112ಕ್ಕೆ ಕರೆ ಮಾಡುವುದು. ಗಾಯಾಳುವಿಗೆ ನೆರವಾದರೆ ಕೇಸಿನಲ್ಲಿ ಸಿಕ್ಕಿಕೊಳ್ಳುತ್ತೇವೆಂಬ ಭಯವೂ ಬೇಡ. ಒಳ್ಳೆಯ ಉದ್ದೇಶದಿಂದ ನೆರವಾದವರಿಗೆ ರಕ್ಷಣೆ ನೀಡುವ ಕಲಮನ್ನು 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯಿದೆಗೆ ಸೇರಿಸಲಾಗಿದೆ.

ಕರೆ ಮಾಡುವ ರೀತಿಯಲ್ಲೂ ಕೆಲವು ಸಣ್ಣ ಸಂಗತಿಗಳಿವೆ. ಮೊದಲು ನಿಮ್ಮ ಹೆಸರು ಹೇಳಿ, ನಂತರ "ಈಗ ಮಾತನಾಡಲು ಬಿಡುವಿದೆಯೇ?" ಎಂದು ಕೇಳಿ. ಅವರು ವಾಹನ ಓಡಿಸುತ್ತಿದ್ದರೆ "ಆಮೇಲೆ ಮಾಡುತ್ತೇನೆ" ಎಂದು ನೀವೇ ಕರೆ ಮುಗಿಸಿ. ಈ ಸೌಜನ್ಯ ಒಂದು ಜೀವವನ್ನೇ ಉಳಿಸಬಹುದು. ಒಮ್ಮೆ ಕರೆ ಮಾಡಿದಾಗ ಎತ್ತದಿದ್ದರೆ ಮೇಲಿಂದ ಮೇಲೆ ಮಾಡದೆ ಒಂದು ಸಂದೇಶ ಬಿಡಿ. ಅಧ್ಯಾಪಕರಿಗೆ ರಾತ್ರಿ ಹನ್ನೊಂದಕ್ಕೆ ಸಂದೇಶ ಕಳುಹಿಸಿ, ಉತ್ತರ ಬರಲಿಲ್ಲವೆಂದು ದೂರುವುದು ಸರಿಯಲ್ಲ. ತರಗತಿಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಇಬ್ಬರಿಗೆ ಸಂಬಂಧಿಸಿದ ಮಾತನ್ನು ಅರವತ್ತು ಜನರಿಗೆ ಕೇಳಿಸಬೇಕಾಗಿಲ್ಲ. ಅಲ್ಲಿಯೂ ಮೂರನೆಯವರಿದ್ದಾರೆ.

ತಿಳಿಸಿ ಹೇಳುವುದು ಹೇಗೆ?

ಕೊನೆಯದಾಗಿ ಒಂದು ಕಷ್ಟದ ಪ್ರಶ್ನೆ. ಬೇರೆಯವರು ತೊಂದರೆ ಕೊಡುತ್ತಿದ್ದರೆ ನಾವು ಏನು ಮಾಡಬೇಕು? ಗದರಿದರೆ ಅವರು ಇನ್ನಷ್ಟು ಜೋರು ಮಾಡುತ್ತಾರೆ. "ಮಗು ಮಲಗಿದೆ, ಸ್ವಲ್ಪ ಸಣ್ಣಗೆ ಮಾಡ್ತೀರಾ?" ಎಂದು ಕಾರಣವನ್ನೂ ಸೇರಿಸಿ ಕೇಳಿದರೆ ಸಾಮಾನ್ಯವಾಗಿ ಕೇಳುತ್ತಾರೆ. ನನ್ನ ಅನುಭವದಲ್ಲಿ ಹತ್ತರಲ್ಲಿ ಎಂಟು ಮಂದಿ, "ಅಯ್ಯೋ, ಗಮನಿಸಲಿಲ್ಲ" ಎಂದು ಕೂಡಲೇ ಕಡಿಮೆ ಮಾಡಿದ್ದಾರೆ. ಉಳಿದಿಬ್ಬರಿಗೆ ಕಂಡಕ್ಟರ್ ಇದ್ದಾರೆ, ಸುತ್ತೋಲೆಯಿದೆ.

ಹಿರಿಯರ ವಿಷಯದಲ್ಲಿ ತಾಳ್ಮೆ ಬೇಕು. ಟ್ರಂಕ್ ಕಾಲ್ ಕಾಲದವರು ಅವರು. ಆಗ ಎಕ್ಸ್‌ಚೇಂಜಿನಲ್ಲಿ ಕರೆ ಬುಕ್ ಮಾಡಿ, ಗಂಟೆಗಟ್ಟಲೆ ಕಾದು, ಗರಗರ ಸದ್ದಿನ ನಡುವೆ ಕೂಗಿದರಷ್ಟೇ ಆ ತುದಿಗೆ ಕೇಳಿಸುತ್ತಿತ್ತು. ದೂರದ ಊರಿಗೆ ದೊಡ್ಡ ಧ್ವನಿ ಎಂಬುದು ಅವರಿಗೆ ಅನುಭವದಿಂದ ಬಂದ ಪಾಠ. ಕೆಲವರಿಗೆ ಕಿವಿಯೂ ಮಂದವಾಗಿರುತ್ತದೆ. ಅಜ್ಜನನ್ನು ನೋಡಿ ನಗುವ ಬದಲು ಅವರ ಫೋನಿನ ಧ್ವನಿಯನ್ನು ಸರಿಪಡಿಸಿಕೊಡಿ, ಇಯರ್‌ಫೋನ್ ಹಾಕಿಕೊಳ್ಳುವುದನ್ನು ಕಲಿಸಿಕೊಡಿ. ಈ ಉಪಕರಣದ ವಿಷಯದಲ್ಲಿ ಮನೆಯ ಮೇಷ್ಟ್ರು ನೀವೇ ಆಗಿದ್ದೀರಿ.

ವಿದ್ಯಾರ್ಥಿ ಮಿತ್ರರೇ, ಈ ವಾರ ಮೂರು ಕೆಲಸ ಮಾಡಿ ನೋಡಿ. ನಿಮ್ಮ ಫೋನಿನಲ್ಲಿ ಅಲಾರಂ, ಕಂಪನ, ಸೈಲೆಂಟ್ ಇವು ಹೇಗೆ ಕೆಲಸ ಮಾಡುತ್ತವೆಂದು ಒಮ್ಮೆ ಪರೀಕ್ಷಿಸಿಕೊಳ್ಳಿ. ದಿನಕ್ಕೊಂದು ಹೊತ್ತಿನ ಊಟವನ್ನಾದರೂ ಮನೆಯವರೆಲ್ಲ ಫೋನುಗಳನ್ನು ಬೇರೆ ಕೋಣೆಯಲ್ಲಿಟ್ಟು ಮಾಡಿ. ಬಸ್ಸಿನಲ್ಲಿ ಕರೆ ಬಂದಾಗ ಒಮ್ಮೆ ಸುತ್ತ ನೋಡಿ, "ಇಳಿದ ಮೇಲೆ ಮಾಡುತ್ತೇನೆ" ಎನ್ನಿ.

ಗುಬ್ಬಿಯಲ್ಲಿ ಹತ್ತಿದ ಆ ಹುಡುಗ ಈಗಲೂ ನನಗೆ ನೆನಪಾಗುತ್ತಾನೆ. ಅವನ ಮೇಲೆ ನನಗೆ ಕೋಪವಿಲ್ಲ. ಅವನಿಗೆ ನಿಜವಾಗಿ ಬೇಕಾಗಿದ್ದದ್ದು ಬಾಗಿಲು ಹಾಕಿಕೊಂಡು ಕಷ್ಟ ಹೇಳಿಕೊಳ್ಳಲು ಒಂದು ಜಾಗ, ಗಮನವಿಟ್ಟು ಕೇಳುವ ಒಬ್ಬರು. ಆ ಸಂಜೆ ಮನೆಯಲ್ಲಿ ಅವನು ಬಾಯಿ ತೆರೆದಾಗ ಅವನ ತಂದೆಯ ಕೈಯಲ್ಲಿ ಮೊಬೈಲು ಇರಲಿಲ್ಲವೆಂದು ನಾನು ಆಶಿಸುತ್ತೇನೆ.